ಶೆಡ್ಡಿನಲ್ಲಿ ಓಡಿದ ಟ್ರಾಮು

ನಗರಕ್ಕೆ ಟ್ರಾಮು ಬರುತ್ತದೆ ಎಂದು ಗೊತ್ತಾದ ವರ್ಷ, ಬಸ್ಸು ಓಡಿಸುತ್ತಿದ್ದವರಲ್ಲಿ ಕೆಲವರನ್ನು ಆರಿಸಿ ತರಬೇತಿಗೆ ಕಳಿಸಿದರು. ಹಾಗೆ ಹೋದವರಲ್ಲಿ ಈ ಕತೆಯ ಡ್ರೈವರೂ ಒಬ್ಬ. ಮನೆಯಲ್ಲಿ ಅವನಿಗಿಂತ ಹೆಚ್ಚು ಹಿಗ್ಗಿದವಳು ಅವನ ಹೆಂಡತಿ. ಅವಳು ಟೈಲರ್. ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುತ್ತಿದ್ದರು. ಅವಳ ಪುಟ್ಟ ಅಂಗಡಿಯ ಮುಂದೆಯೇ ಹಳಿ ಹಾದುಹೋಗುವುದಿತ್ತು.

"ಅಂಗಡಿ ಮುಂದೆ ಬಂದಾಗ ಗಂಟೆ ಬಾರಿಸ್ಬೇಕು ನೀವು," ಎಂದಿದ್ದಳು. "ನಾನು ತಲೆ ಎತ್ತಿ ನೋಡ್ತೀನಿ. ನೀವು ಮಾತ್ರ ನೋಡ್ಬಾರ್ದು, ಕಣ್ಣು ಹಳಿ ಮೇಲೆ ಇರ್ಲಿ."

ಸಮವಸ್ತ್ರದ ಬಟ್ಟೆ ಕಂಪನಿಯದು, ಹೊಲಿಗೆ ಅವಳದು. ಭುಜಕ್ಕೆ ಸರಿಯಾಗಿ ಕೂರುವಂಥ ನೀಲಿ ಕೋಟು, ಎರಡೂ ಪಕ್ಕದಲ್ಲಿ ಜೇಬು. ಅದನ್ನು ಹಾಕಿಕೊಂಡು ಅವನು ಕನ್ನಡಿ ಮುಂದೆ ನಿಂತಾಗ ಅವನ ತಾಯಿ ಕುರ್ಚಿಯಿಂದ ಎದ್ದು ಬಂದು, "ಮದ್ವೇಲೂ ನೀನು ಇಷ್ಟು ಚೆನ್ನಾಗಿ ಕಾಣ್ಲಿಲ್ಲ ಕಣೋ," ಎಂದರು. ಟ್ರಾಮು ಬೀದಿಗಿಳಿಯುವ ಮೊದಲೇ ಆ ಕೋಟಿನ ಪಕ್ಕದ ಹೊಲಿಗೆ ಬಿಚ್ಚಿ ಎರಡು ಸಲ ಅಗಲ ಮಾಡಬೇಕಾಯಿತು. ಕೂತು ಕೂತು ಅವನಿಗೆ ಹೊಟ್ಟೆ ಬಂದಿತ್ತು.

ಟ್ರಾಮು ತಡವಾಗಲು ಕಾರಣಗಳು ಒಂದರ ಹಿಂದೊಂದು ಹುಟ್ಟುತ್ತಲೇ ಹೋದವು. ಅಗೆದಾಗ ನಕ್ಷೆಯಲ್ಲೇ ಇಲ್ಲದ ಹಳೆಯ ನೀರಿನ ಪೈಪು ಸಿಕ್ಕಿತು. ಅದನ್ನು ಸರಿಸುವ ಹೊತ್ತಿಗೆ ಗುತ್ತಿಗೆದಾರ ಕೈ ಎತ್ತಿದ. ಹೊಸ ಗುತ್ತಿಗೆದಾರ ಬಂದವನು ಹಳೆಯವನು ಹಾಕಿದ್ದ ಹಳಿಯನ್ನು ನೋಡಿ ಮೂಗು ಮುರಿದು, ಎಲ್ಲವನ್ನೂ ಕಿತ್ತು ಹಾಕಿಸಿದ. ಮೊದಲು ಹೇಳಿದ್ದ ಖರ್ಚು ಎರಡು ಪಟ್ಟಾಯಿತು, ಆಮೇಲೆ ಮೂರು ಪಟ್ಟು. ಅದನ್ನು ತುಂಬಿಕೊಳ್ಳಲು ಮನೆ ತೆರಿಗೆ ಏರಿಸಿದರು. ಟ್ರಾಮು ಹೇಗೂ ಬರುತ್ತದಲ್ಲ ಎಂದು ಬಸ್ಸುಗಳನ್ನು ಕಡಿಮೆ ಮಾಡಿದರು. ಬಸ್ಸೂ ಇಲ್ಲ, ಟ್ರಾಮೂ ಇಲ್ಲ. ಜನ ನಡೆದರು, ನಡೆಯುತ್ತಾ ಬೈದರು.

ಟೈಲರಮ್ಮನ ಬೀದಿಯಲ್ಲಿ ಆಳದ ಕಂದಕವೊಂದು ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಅದರ ಎರಡೂ ಕಡೆ ತಗಡಿನ ಬೇಲಿ. ಬೇಲಿಗೂ ಅಂಗಡಿಗಳಿಗೂ ನಡುವೆ ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಷ್ಟು ಜಾಗ. ಅಗೆಯುವ ಯಂತ್ರ ಗುಡುಗಿದರೆ ಅವಳ ಹೊಲಿಗೆ ಮಿಷನ್ನು ನಡುಗಿ ಸೂಜಿ ಮುರಿಯುತ್ತಿತ್ತು. ಬಿಳಿ ಬಟ್ಟೆಯ ಕೆಲಸ ಒಪ್ಪಿಕೊಳ್ಳುವುದನ್ನೇ ಅವಳು ನಿಲ್ಲಿಸಿದಳು. ಕತ್ತರಿಸಿ ಮೇಜಿನ ಮೇಲೆ ಹರಡಿ, ದಾರ ತರಲು ತಿರುಗುವಷ್ಟರಲ್ಲಿ ಅದು ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು.

ಪಕ್ಕದ ಬೇಕರಿಯವನ ಪಾಡು ಇನ್ನೂ ಕಷ್ಟ. ಅವನನ್ನು ಎಲ್ಲರೂ ಬನ್ನಣ್ಣ ಎನ್ನುತ್ತಿದ್ದರು. ದಪ್ಪನೆಯ ಆಳು, ಮೆತ್ತಗಿನ ಮಾತು. ಬಸ್ಸಿಳಿದು ಆಫೀಸಿಗೆ ಹೋಗುವವರೇ ಅವನ ಗಿರಾಕಿಗಳು. ಬಸ್ಸೇ ನಿಂತ ಮೇಲೆ ಇಳಿಯುವವರು ಯಾರು? ಮೊದಲು ಕೆಲಸದ ಹುಡುಗಿಯನ್ನು ಬಿಡಿಸಿದ, ಆಮೇಲೆ ಸಂಜೆ ಒಲೆ ಹಚ್ಚುವುದನ್ನು ಬಿಟ್ಟ.

ಇಷ್ಟರ ನಡುವೆ ಡ್ರೈವರು ಮಾತ್ರ ದಿನಾ ಬೆಳಿಗ್ಗೆ ಕೋಟು ಹಾಕಿಕೊಂಡು ಡಿಪೋಗೆ ಹೋಗುತ್ತಿದ್ದ. ಊರಾಚೆಯ ಡಿಪೋದಲ್ಲಿ ಮೊದಲೇ ತರಿಸಿದ್ದ ಟ್ರಾಮುಗಳು ಪ್ಲಾಸ್ಟಿಕ್ ಹೊದ್ದು ನಿಂತಿದ್ದವು. ನಿಂತಲ್ಲೇ ನಿಂತರೆ ಚಕ್ರದ ಬೇರಿಂಗು ಕಚ್ಚಿಕೊಳ್ಳುತ್ತದೆ. ಹಾಗಾಗಿ ಸರದಿಯ ಮೇಲೆ ಒಂದೊಂದನ್ನೇ ಶೆಡ್ಡಿನಿಂದ ಅಂಗಳದ ಕೊನೆಯ ಗೋಡೆಯವರೆಗೆ ಓಡಿಸಿ ವಾಪಸು ತರುವುದು ಅವನ ಕೆಲಸ. ಮಿಕ್ಕ ಹೊತ್ತಿನಲ್ಲಿ ಗಾಜು ಒರೆಸುತ್ತಿದ್ದ.

ಬೀದಿಯವರು ಅವನನ್ನು ಬಿಡುತ್ತಾರೆಯೇ? "ಏನ್ ಸಾಹೇಬ್ರೇ, ಗಾಡಿ ಎಲ್ಲಿ ನಿಲ್ಸಿ ಬಂದ್ರಿ?" ಎಂದು ಒಬ್ಬ. "ನಮ್ಮ ಮೊಮ್ಮಕ್ಕಳ ಕಾಲಕ್ಕಾದ್ರೂ ಒಂದು ಸೀಟು ಹಿಡಿದಿಡಿ," ಎಂದು ಇನ್ನೊಬ್ಬರು. ಮೊದಮೊದಲು ಅವನೂ ನಗುತ್ತಿದ್ದ. ಆಮೇಲಾಮೇಲೆ ಬನ್ನಣ್ಣನ ಮುಂದೆ ಹಾಯಲು ನಾಚಿಕೆಯಾಗಿ, ಸುತ್ತುಬಳಸಿ ಹಿತ್ತಲ ಕಡೆಯಿಂದ ಮನೆಗೆ ಬರತೊಡಗಿದ. ತನ್ನ ಸಂಬಳವೂ ಆ ಮೂರು ಪಟ್ಟು ಖರ್ಚಿನಲ್ಲೇ ಸೇರಿದೆ ಎಂಬುದು ಅವನ ಮನಸ್ಸನ್ನು ಕೊರೆಯುತ್ತಿತ್ತು.

ಟೈಲರಮ್ಮನನ್ನು ಬೀದಿಯ ಅಂಗಡಿಯವರ ಸಂಘಕ್ಕೆ ಕಾರ್ಯದರ್ಶಿ ಮಾಡಿದ್ದು ಅದೇ ಕಾಲಕ್ಕೆ. ಅವಳು ಬೇಡವೆಂದಳು. "ನಮ್ಮನೆಯವರೇ ಅಲ್ಲಿ ಕೆಲಸಕ್ಕಿದಾರೆ, ನಾನು ಹೇಗೆ ಅವರ ವಿರುದ್ಧ ನಿಲ್ಲೋದು?" ಎಂದಳು. "ಅದಕ್ಕೇ ನೀನೇ ಆಗ್ಬೇಕು ತಂಗಿ," ಎಂದ ಬನ್ನಣ್ಣ. "ನೀನು ಕೂಗಿದ್ರೆ ಹೊಟ್ಟೆಕಿಚ್ಚಿಗೆ ಕೂಗ್ತಿದಾಳೆ ಅಂತ ಯಾರೂ ಅನ್ನಲ್ಲ."

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಶೂ ಬಿಚ್ಚುತ್ತಿದ್ದವನು ತಲೆ ಎತ್ತದೆ, "ಬೈಯೋರು ಬೈಯಲೇಬೇಕಲ್ಲ," ಎಂದ. "ನೀನು ಬೈದ್ರೆ ಮರ್ಯಾದೆಯಿಂದ ಬೈತೀಯ."

"ಮರ್ಯಾದೆಯಿಂದ ಬೈದು ಬೈದೇ ಹೀಗಾಗಿರೋದು," ಎಂದು ಅತ್ತೆ ಮೂಲೆಯಿಂದ ಸೇರಿಸಿದರು. ಅವರಿಗೆ ಮಂಡಿ ನೋವು. ಊರಿನ ಆಚೆ ತುದಿಯಲ್ಲಿದ್ದ ತಂಗಿಯನ್ನು ಬಸ್ಸು ನಿಂತಾಗಿನಿಂದ ನೋಡಿರಲಿಲ್ಲ. ಫೋನಿನಲ್ಲಿ ಅಕ್ಕತಂಗಿಯರಿಬ್ಬರೂ ಟ್ರಾಮಿನವರಿಗೆ ಶಾಪ ಹಾಕಿ, ಕೊನೆಗೆ ಒಬ್ಬರ ಮಂಡಿಯನ್ನು ಇನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು.

ಬನ್ನಣ್ಣ ಬೇಕರಿ ಮುಚ್ಚಿದ ವಾರ ಬೀದಿಯ ಸಿಟ್ಟು ಕೆರಳಿತು. ಅವನು ಒಲೆಯ ಬಾಗಿಲನ್ನು ಕಳಚಿ ಗುಜರಿಗೆ ಕೊಡುವಾಗ ಬೀದಿಯವರು ಕೈಕಟ್ಟಿಕೊಂಡು ನಿಂತು ನೋಡಿದರು. ಅದೇ ದಿನ ಪತ್ರಿಕೆಯಲ್ಲಿ ಸುದ್ದಿ ಬಂತು: ಉದ್ಘಾಟನೆ ಮತ್ತೆ ಮುಂದಕ್ಕೆ. ಅದರ ಬೆನ್ನಿಗೇ ಗಾಳಿಮಾತೊಂದು ಎದ್ದಿತು. ಡಿಪೋದಲ್ಲಿರುವುದು ಬರೀ ಡಬ್ಬಿಗಳಂತೆ, ಒಳಗೆ ಮೋಟಾರೇ ಇಲ್ಲವಂತೆ, ಬಣ್ಣ ಬಳಿದು ನಿಲ್ಲಿಸಿದ್ದಾರಂತೆ, ದುಡ್ಡು ಯಾರ್ಯಾರದೋ ಮನೆ ಸೇರಿದೆಯಂತೆ. ಟೈಲರಮ್ಮ ಹಾಗಲ್ಲವೆಂದು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ನೀನು ಕಣ್ಣಾರೆ ನೋಡಿದೀಯಾ?" ಎಂದರು. ಅವಳು ನೋಡಿರಲಿಲ್ಲ.

ಭಾನುವಾರ ಬೆಳಿಗ್ಗೆ ನಾನಾ ಬೀದಿಗಳ ಜನ ಸೇರಿ ಡಿಪೋ ಕಡೆ ಹೊರಟರು. ಟೈಲರಮ್ಮ ಹಳೆಯ ಪರದೆಯ ಬಟ್ಟೆಗೆ ಅಕ್ಷರ ಕತ್ತರಿಸಿ ಹೊಲಿದು ಬ್ಯಾನರು ಮಾಡಿದ್ದಳು. "ಯಾವಾಗ?" ಎಂದಷ್ಟೇ ಅದರಲ್ಲಿದ್ದದ್ದು. ಒಂದು ತುದಿ ಅವಳು ಹಿಡಿದರೆ ಇನ್ನೊಂದು ತುದಿ ಬನ್ನಣ್ಣ. ಬೇಡವೆಂದರೂ ಕೇಳದೆ ಅತ್ತೆಯೂ ತರಕಾರಿಯವನ ತಳ್ಳುಗಾಡಿಯ ಮೇಲೆ ಕೂತು ಬಂದರು.

ಗೇಟಿನಲ್ಲಿದ್ದ ಕಾವಲುಗಾರ ಒಬ್ಬನೇ ಏನು ಮಾಡಿಯಾನು. ತಳ್ಳಾಟದಲ್ಲಿ ಗೇಟಿನ ಕೊಂಡಿ ಕಿತ್ತು ಬಂತು. ಜನ ಅಂಗಳಕ್ಕೆ ನುಗ್ಗಿದರು. ಯಾರೋ ಬೀಸಿದ ಕಲ್ಲು ಮೊದಲ ಟ್ರಾಮಿನ ಮುಂಗಾಜಿಗೆ ಬಡಿದು, ಅದು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತು.

ಆ ಗಾಜಿನ ಹಿಂದೆ ಡ್ರೈವರು ಇದ್ದ. ಕೈಯಲ್ಲಿ ಒರೆಸುವ ಬಟ್ಟೆ ಹಿಡಿದೇ ಕೆಳಗಿಳಿದು ಬಂದ. ಎದುರಿಗೆ ಬ್ಯಾನರು, ಬ್ಯಾನರಿನ ಹಿಂದೆ ಹೆಂಡತಿ. ಇಬ್ಬರೂ ಒಂದು ಗಳಿಗೆ ಒಬ್ಬರನ್ನೊಬ್ಬರು ನೋಡಿದರು. ಅವನ ಹಣೆಯ ಮೇಲೆ ಗಾಜಿನ ಪುಡಿ ಏನಾದರೂ ತಾಗಿದೆಯೇ ಎಂದು ಅವಳ ಕಣ್ಣು ಹುಡುಕುತ್ತಿತ್ತು.

"ನನಗೆ ಬೈಯಿರಿ, ನಿಂತ್ಕೊಂಡು ಕೇಳ್ತೀನಿ," ಎಂದ ಅವನು. ದನಿ ದೊಡ್ಡದಿರಲಿಲ್ಲ, ಹಾಗಾಗಿ ಮುಂದಿದ್ದವರು ಸುಮ್ಮನಾಗಿ ಹಿಂದಿನವರನ್ನೂ ಸುಮ್ಮನಾಗಿಸಿದರು. "ಗಾಡಿಗೆ ಯಾಕೆ ಹೊಡೀತೀರಿ? ಅದೇನು ಮಾಡ್ತು?"

"ಏನೂ ಮಾಡ್ಲಿಲ್ಲ, ಅದೇ ತಕರಾರು," ಎಂದ ಒಬ್ಬ. ಕೆಲವರು ನಕ್ಕರು.

"ಡಬ್ಬ ಅದು, ಮೋಟಾರಿಲ್ಲ," ಎಂದು ಹಿಂದಿನಿಂದ ಇನ್ನೊಬ್ಬ ಕೂಗಿದ.

ಡ್ರೈವರನ ಮುಖ ಆಗ ಕೆಂಪಾಯಿತು. ಇಷ್ಟು ವರ್ಷ ಬೀದಿಯ ಮಾತನ್ನೆಲ್ಲ ನುಂಗಿಕೊಂಡಿದ್ದವನಿಗೆ ಇದೊಂದು ಮಾತು ಗಂಟಲಲ್ಲಿ ಇಳಿಯಲಿಲ್ಲ. ತಾನು ದಿನಾ ಒರೆಸಿ, ಓಡಿಸಿ, ಮಗುವಿನ ಹಾಗೆ ನೋಡಿಕೊಂಡಿದ್ದನ್ನು ಡಬ್ಬ ಎಂದುಬಿಟ್ಟರಲ್ಲ ಎಂದು.

ಅಷ್ಟರಲ್ಲಿ ತಳ್ಳುಗಾಡಿಯಿಂದ ಅವನ ತಾಯಿ ಕೇಳಿದರು: "ಓಡುತ್ತೇನೋ ಇದು, ನಿಜವಾಗ್ಲೂ?"

"ಓಡುತ್ತಮ್ಮ."

"ಹಂಗಾದ್ರೆ ನನ್ನ ಹತ್ತಿಸ್ಕೋ. ಬಂದಿದ್ದಕ್ಕೆ ಒಂದು ಸಲ ಕೂತು ಹೋಗ್ತೀನಿ."

ಡಿಪೋ ಮ್ಯಾನೇಜರು ಆಫೀಸಿನ ಕಿಟಕಿಯಲ್ಲಿ ನಿಂತು ಮೇಲಿನವರಿಗೆ ಫೋನು ಮಾಡುತ್ತಿದ್ದರು. ಭಾನುವಾರ, ಯಾರೂ ಎತ್ತುತ್ತಿರಲಿಲ್ಲ. ಡ್ರೈವರು ಅವರ ಕಡೆ ನೋಡಿದ. ಅವರು ಫೋನನ್ನು ಕಿವಿಗೆ ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿ ನಿಂತರು. ಅದನ್ನು ಒಪ್ಪಿಗೆ ಎನ್ನಬೇಕೋ ಅಂಜಿಕೆ ಎನ್ನಬೇಕೋ, ಅವನು ಹೆಚ್ಚು ಯೋಚಿಸಲಿಲ್ಲ. ಕಲ್ಲು ಬಿದ್ದ ಗಾಡಿಯನ್ನು ಬಿಟ್ಟು ಪಕ್ಕದ್ದರ ಪ್ಲಾಸ್ಟಿಕ್ ಎಳೆದ. ಒಳಗೆ ಹೋಗಿ ಒಂದೊಂದೇ ಗುಂಡಿ ಒತ್ತಿದ. ದೀಪಗಳು ಹತ್ತಿದವು, ತಳದಲ್ಲೆಲ್ಲೋ ಮೆಲ್ಲನೆಯ ಗುಂಯ್ ಎಂಬ ಸದ್ದು ಎದ್ದಿತು, ಬಾಗಿಲು ತಾನಾಗಿ ಸರಿದು ತೆರೆಯಿತು. ಜನ ಹಿಂದೆ ಸರಿದರು.

"ತಳ್ಳಾಡ್ಬೇಡಿ," ಎಂದ ಅವನು, ಬಸ್ಸಿನ ದಿನಗಳ ದನಿಯಲ್ಲಿ. "ವಯಸ್ಸಾದೋರು ಮೊದಲು. ಬಾಗಿಲ ಹತ್ರ ನಿಲ್ಬೇಡಿ, ಒಳಗೆ ಜಾಗ ಇದೆ."

ಅತ್ತೆಯನ್ನು ಬನ್ನಣ್ಣ ಎತ್ತಿ ಕೂರಿಸಬೇಕೆಂದು ಬಾಗಿದ. ಅದರ ಅಗತ್ಯವೇ ಬೀಳಲಿಲ್ಲ. ಟ್ರಾಮಿನ ಹೊಸ್ತಿಲು ಹಳಿಯ ಪಕ್ಕದ ಇಳಿಜಾರು ಕಟ್ಟೆಯ ಮಟ್ಟಕ್ಕೇ ಇತ್ತು. ಅವರು ಕೋಲೂರಿಕೊಂಡು ಕಾಲೆತ್ತದೆ ಒಳಗೆ ನಡೆದುಬಿಟ್ಟರು. ನಡೆದು, ತಿರುಗಿ ಹೊಸ್ತಿಲನ್ನೇ ನೋಡಿದರು. ಬಸ್ಸಿನ ಮೆಟ್ಟಿಲು ಹತ್ತುವಾಗ ಎರಡು ಕಡೆ ಇಬ್ಬರು ಹಿಡಿಯಬೇಕಿದ್ದ ಹೆಂಗಸು ಅವರು.

ಗಾಡಿ ಹೊರಟಿತು. ಹೊರಟಿದ್ದು ಗೊತ್ತಾಗಿದ್ದು ಕಿಟಕಿಯಾಚೆ ಕಂಬಗಳು ಹಿಂದಕ್ಕೆ ಸರಿದಾಗ. ಶೆಡ್ಡಿನ ನೆರಳು ದಾಟಿ ಬಿಸಿಲಿಗೆ ಬಂತು, ಅಂಗಳದ ತಿರುವಿನಲ್ಲಿ ಬಳುಕಿತು. ಟೈಲರಮ್ಮ ಮಡಚಿದ ಬ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಂಡನ ಬೆನ್ನು ಮಾತ್ರ ಅವಳಿಗೆ ಕಾಣುತ್ತಿತ್ತು, ತಾನೇ ಹೊಲಿದ ಕೋಟಿನ ಬೆನ್ನು. ಅವನು ಹಿಂದೆ ತಿರುಗಿ ನೋಡಲಿಲ್ಲ. ಕೊನೆಯ ಗೋಡೆಯ ಹತ್ತಿರ ಚಕ್ರ ಜಾರದಿರಲೆಂದು ಗಾಡಿಯೊಳಗಿಂದಲೇ ಹಳಿಯ ಮೇಲೆ ಸ್ವಲ್ಪ ಮರಳು ಉದುರಿಸಿ, ನಿಂತವರು ಯಾರೂ ಮುಗ್ಗರಿಸದ ಹಾಗೆ ನಿಲ್ಲಿಸಿದ. ಆಮೇಲೆ ಗಾಡಿಯ ಇನ್ನೊಂದು ತುದಿಯಲ್ಲಿದ್ದ ಡ್ರೈವರ್ ಕೋಣೆಗೆ ನಡೆದು, ಅಲ್ಲಿಂದ ವಾಪಸು ಓಡಿಸಿದ.

ಎಲ್ಲರೂ ಒಬ್ಬೊಬ್ಬರಾಗಿ ಇಳಿದರು. ಬನ್ನಣ್ಣ ಮಾತ್ರ ಇಳಿಯಲೇ ಇಲ್ಲ. ಕಿಟಕಿ ಪಕ್ಕದ ಸೀಟಿನಲ್ಲಿ ದೊಡ್ಡ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಟೈಲರಮ್ಮ ಹತ್ತಿರ ಹೋಗಿ ನೋಡಿದರೆ ಅಳುತ್ತಿದ್ದಾನೆ.

"ಯಾಕೆ ಬನ್ನಣ್ಣ?"

"ಇಷ್ಟು ಚೆನ್ನಾಗಿದೆಯಲ್ಲ ತಂಗಿ," ಎಂದ. "ಕೆಟ್ಟದಾಗಿದ್ದಿದ್ರೆ ಬೈದು ಮನೆಗೆ ಹೋಗ್ತಿದ್ದೆ. ಹಾಳು ಗಾಡಿ, ಬರದಿದ್ದದ್ದೇ ಒಳ್ಳೇದಾಯ್ತು ಅಂದ್ಕೊಳ್ತಿದ್ದೆ. ಇಷ್ಟು ಚೆನ್ನಾಗಿರೋದನ್ನ ಇಲ್ಲಿ ಮುಚ್ಚಿಟ್ಟು ನಮ್ಮನ್ನ ಹೀಗೆ ಮಾಡಿದ್ರಲ್ಲ."

ಡ್ರೈವರು ಅವನ ಪಕ್ಕಕ್ಕೆ ಬಂದು ನಿಂತ. "ಇನ್ನೊಂದು ರೌಂಡು ಹೋಗೋಣ್ವಾ?" ಎಂದ. ಬನ್ನಣ್ಣ ತೋಳಿನಿಂದ ಮೂಗು ಒರೆಸಿಕೊಂಡು ತಲೆಯಾಡಿಸಿದ. ಅಂದು ಮಧ್ಯಾಹ್ನದವರೆಗೆ ಟ್ರಾಮು ಅಂಗಳದಲ್ಲಿ ಹೋಗಿ ಬಂದು ಮಾಡಿತು. ಹೊರಗೆ ಸಾಲು ನಿಂತಿತ್ತು. ಕಲ್ಲು ಎಸೆದವನೂ ಆ ಸಾಲಿನಲ್ಲೇ ಇದ್ದಿರಬೇಕು.

ಮಾರನೆಯ ದಿನವೇ ಅವನನ್ನು ಕೆಲಸದಿಂದ ಅಮಾನತು ಮಾಡಿದರು. ಅನುಮತಿಯಿಲ್ಲದೆ ಸಾರ್ವಜನಿಕರನ್ನು ಹತ್ತಿಸಿದ್ದು ತಪ್ಪು. ತಪ್ಪೇ ಎಂದು ಅವನೂ ಒಪ್ಪಿಕೊಂಡ. ಯಾರಿಗಾದರೂ ಏನಾದರೂ ಆಗಿದ್ದರೆ ಎಂದು ನೆನೆದು ಅವನಿಗೇ ಆಮೇಲೆ ಬೆವರು ಬಂದಿತ್ತು. ಆದೇಶಕ್ಕೆ ಸಹಿ ಹಾಕಿದ ಮ್ಯಾನೇಜರು ಅದನ್ನು ಕೊಡುವಾಗ ಅವನ ಮುಖ ನೋಡದೆ, "ನಮ್ಮ ತಾಯೀನೂ ಕರ್ಕೊಂಡು ಬರ್ಬಹುದಿತ್ತು ನೋಡಿ, ಹೊಳೀಲೇ ಇಲ್ಲ," ಎಂದರು.

ಅವನು ಮನೆಯಲ್ಲಿ ಕೂತ ತಿಂಗಳುಗಳು ಸುಲಭವಾಗಿರಲಿಲ್ಲ. ಹೆಂಡತಿಯ ಅಂಗಡಿಗೆ ಹೋಗಿ ಗುಂಡಿ ಹಚ್ಚಿಕೊಟ್ಟ, ಇಸ್ತ್ರಿ ಹಾಕಿದ, ಒಂದು ಪ್ಯಾಂಟನ್ನು ಸುಟ್ಟೂ ಕೊಟ್ಟ. ಆದರೆ ಬೀದಿಯಲ್ಲಿ ಅವನನ್ನು ಕೆಣಕುವುದು ನಿಂತಿತು. ಹಿತ್ತಲ ಕಡೆಯಿಂದ ಬರುವ ಅಗತ್ಯವೂ ತಪ್ಪಿತು.

ಟ್ರಾಮಿನಲ್ಲಿ ಕೂತವರು ಫೋನಿನಲ್ಲಿ ಹಿಡಿದ ಚಿತ್ರಗಳು ಊರೆಲ್ಲ ಸುತ್ತಿದ್ದವು. ಅಲ್ಲಿಯವರೆಗೆ ಇಡೀ ಯೋಜನೆಯನ್ನೇ ಕಿತ್ತೊಗೆಯಿರಿ ಎನ್ನುತ್ತಿದ್ದವರು ಈಗ, ಆದಷ್ಟನ್ನಾದರೂ ಓಡಿಸಿ ಎನ್ನತೊಡಗಿದರು. ಹಳಬರನ್ನು ಎತ್ತಂಗಡಿ ಮಾಡಿ ಹೊಸ ಮುಖ್ಯ ಎಂಜಿನಿಯರನ್ನು ತಂದರು. ಆಕೆ ಬೂಟು ಹಾಕಿಕೊಂಡು ಪ್ರತಿ ಬೀದಿಯನ್ನೂ ನಡೆದು ನೋಡಿ, ಟೈಲರಮ್ಮನ ಬೀದಿಯ ಅಂಗಡಿಯವರನ್ನು ಕರೆಸಿ ಮುಚ್ಚುಮರೆಯಿಲ್ಲದೆ ಹೇಳಿದರು.

"ಅತ್ತ ಕಡೆ ಹಳಿ ಹೆಚ್ಚುಕಡಿಮೆ ಆಗಿದೆ, ಅದನ್ನ ಓಡಿಸ್ತೀವಿ. ನಿಮ್ಮ ಬೀದೀಲಿ ಕೆಳಗಿನ ಪೈಪೆಲ್ಲ ಮತ್ತೆ ಹಾಕ್ಬೇಕು. ಕಾಯ್ತೀವಿ ಅಂದ್ರೆ ಮಾಡ್ತೀವಿ, ಎಷ್ಟು ವರ್ಷ ಅಂತ ನಾನು ಸುಳ್ಳು ಹೇಳಲ್ಲ. ಬೇಡ ಅಂದ್ರೆ ಕಂದಕ ಮುಚ್ಚಿ ರಸ್ತೆ ಮಾಡಿ ಕೊಡ್ತೀವಿ. ಆದ್ರೆ ಇಲ್ಲಿ ಟ್ರಾಮು ಬರಲ್ಲ."

ನಾಳೆ ಹೇಳುತ್ತೇವೆ ಎಂದು ಸಂಘದವರು ಎದ್ದರು. ಅರ್ಧ ಜನ ಹೀಗೆ, ಅರ್ಧ ಜನ ಹಾಗೆ. ಎಲ್ಲರೂ ಕಾರ್ಯದರ್ಶಿಯ ಮುಖ ನೋಡಿದರು.

ಟೈಲರಮ್ಮನಿಗೆ ಆ ಸಂಜೆ ಊಟ ಸೇರಲಿಲ್ಲ. ಪಾತ್ರೆ ತೊಳೆಯುತ್ತಿದ್ದ ಗಂಡನ ಪಕ್ಕ ಒರೆಸುವ ಬಟ್ಟೆ ಹಿಡಿದು ನಿಂತಳು.

"ಮುಚ್ಚಿಬಿಡಿ ಅಂತ ಹೇಳೋಣ ಅಂತಿದೀನಿ ರೀ."

ಅವನು ತಟ್ಟೆ ಉಜ್ಜುತ್ತಲೇ ಇದ್ದ.

"ನಿಮಗೆ ಬೇಜಾರಾಗುತ್ತೆ. ಅಂಗಡಿ ಮುಂದೆ ಗಂಟೆ ಬಾರಿಸ್ತೀನಿ ಅಂತ ಆಸೆ ಇಟ್ಕೊಂಡಿದ್ರಿ."

"ಆಸೆ ಇಟ್ಕೊಂಡಿದ್ದು ನೀನು," ಎಂದ ಅವನು. ತಟ್ಟೆಯ ಮೇಲೆ ನೀರು ಹೊಯ್ದು, "ನಾನೂ ಇಟ್ಕೊಂಡಿದ್ದೆ," ಎಂದ. ತಟ್ಟೆ ಅವಳ ಕೈಗೆ ಕೊಟ್ಟು, "ಬನ್ನಣ್ಣನ ಹಾಗೆ ಇನ್ನೂ ಎಷ್ಟು ಜನ ಬಾಗಿಲು ಹಾಕ್ಬೇಕು? ನಾನು ನಿನ್ನ ಜಾಗದಲ್ಲಿದ್ರೆ ಇವತ್ತೇ ಹೇಳಿ ಬರ್ತಿದ್ದೆ," ಎಂದ.

"ಹಂಗಂತ ಮೊದಲೇ ಹೇಳಿದ್ರೆ ನಾನು ಊಟ ಬಿಡ್ತಿರ್ಲಿಲ್ಲ," ಎಂದು ಅವಳು ಪಾತ್ರೆಯ ಮುಚ್ಚಳ ತೆಗೆದಳು.

ಮರುದಿನ ಸಂಘದಲ್ಲಿ ಅವಳೇ ಎದ್ದು ನಿಂತು ಹೇಳಿದಳು. ಕೆಲವರು ಅವಳ ಮೇಲೆ ರೇಗಿದರು, ಇಷ್ಟು ಅನುಭವಿಸಿದ್ದೆಲ್ಲ ಯಾತಕ್ಕೆ ಎಂದರು. ಯಾತಕ್ಕೂ ಅಲ್ಲ ಎಂದಷ್ಟೇ ಅಂದಳು, ಕೈ ಎತ್ತಿಸಿದಳು. ಎತ್ತಿದ ಕೈಗಳೇ ಹೆಚ್ಚಿದ್ದವು.

ಕಂದಕ ಮುಚ್ಚಿತು. ತಗಡಿನ ಬೇಲಿ ಹೋದ ದಿನ ಎದುರುಸಾಲಿನ ಅಂಗಡಿಯವರನ್ನು ಬಹಳ ಕಾಲದ ಮೇಲೆ ಕಂಡಂತಾಗಿ ಎಲ್ಲರೂ ಕೈಬೀಸಿದರು. ಬನ್ನಣ್ಣ ಮತ್ತೆ ಬೇಕರಿ ತೆರೆಯಲಿಲ್ಲ. ಒಲೆ ಹೋಗಿತ್ತು, ಹುಮ್ಮಸ್ಸೂ ಹೋಗಿತ್ತು. ಟ್ರಾಮಿನ ಕೊನೆಯ ನಿಲ್ದಾಣದ ಬಳಿ ಬೇರೊಬ್ಬರ ಬೇಕರಿಯಲ್ಲಿ ಕೆಲಸಕ್ಕೆ ಸೇರಿಕೊಂಡ. ಯಜಮಾನನಾಗಿದ್ದವನು ಇನ್ನೊಬ್ಬರ ಹೇಳಿಕೆ ಕೇಳುವುದು ಕಷ್ಟವಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, "ಹಿಟ್ಟು ಯಾರದಾದ್ರೂ ಹಿಟ್ಟೇ," ಎಂದನಂತೆ. ಆದರೂ ಟೈಲರಮ್ಮನ ಬೀದಿಗೆ ಅವನು ಬರುವುದು ಅಪರೂಪವಾಯಿತು.

ಟ್ರಾಮು ಅರ್ಧ ದಾರಿಯಷ್ಟೇ ಆದರೂ ಕೊನೆಗೆ ಓಡಿತು. ವಿಚಾರಣೆಯಲ್ಲಿ ಎಚ್ಚರಿಕೆ ಕೊಟ್ಟು ಡ್ರೈವರನ್ನು ವಾಪಸು ಕರೆದುಕೊಂಡಿದ್ದರು. ಅವನ ತಾಯಿ ತಂಗಿಯ ಮನೆಗೆ ಹೋಗಿ ನಾಲ್ಕು ದಿನ ಇದ್ದು, ಜಗಳವಾಡಿಕೊಂಡು ಬಂದರು.

ಒಂದು ಮಧ್ಯಾಹ್ನ ಟೈಲರಮ್ಮ ದಾರ, ಲೈನಿಂಗ್ ಬಟ್ಟೆ ತರಲು ಪೇಟೆಗೆ ಹೊರಟಳು. ನಿಲ್ದಾಣದವರೆಗೆ ನಡೆದು ಸಾಕಾಗಿತ್ತು, ಟ್ರಾಮೂ ತಡವಾಗಿ ಬಂತು. ನೋಡಿದರೆ ಮುಂದೆ ಕೂತಿರುವುದು ಗಂಡನೇ. ಒಳಗೆ ಕಾಲಿಡಲು ಜಾಗವಿಲ್ಲ. ಕಂಬಿ ಹಿಡಿದು ನಿಂತವಳ ಪಕ್ಕದಲ್ಲಿ ಕೈಚೀಲ ಹಿಡಿದ ಒಬ್ಬ ಹೆಂಗಸು ನಿಂತಿದ್ದಳು.

"ನೋಡಿ, ಇವತ್ತೂ ಲೇಟು," ಎಂದಳು ಆ ಹೆಂಗಸು. "ಅಷ್ಟು ದುಡ್ಡು ಸುರಿದು ಮಾಡಿದಾರೆ, ಟೈಮಿಗೆ ಬರೋಕೆ ಇವರಿಗೇನು ಕಷ್ಟ?"

ಟೈಲರಮ್ಮ ಮುಂದಿನ ಗಾಜಿನ ಕಡೆ ನೋಡಿದಳು. ತನ್ನ ಗಂಡ ಎಂದು ಹೇಳಿಬಿಡೋಣವೇ ಅನ್ನಿಸಿತು. ಹೇಳಲಿಲ್ಲ. "ನಿಮ್ಮ ಕಡೆ ಬರೋದಾದ್ರೂ ಬರುತ್ತೆ," ಎಂದಳು. "ನಮ್ಮ ಬೀದಿಗೆ ಬರಲೇ ಇಲ್ಲ. ವರ್ಷಗಟ್ಟಲೆ ಅಗೆದು ಮಣ್ಣು ತಿನ್ನಿಸಿ, ಮುಚ್ಚಿ ಹೋದ್ರು."

"ಅಯ್ಯೋ ಪಾಪ," ಎಂದು ಆ ಹೆಂಗಸು ಅವಳಿಗೆ ಜಾಗ ಮಾಡಿಕೊಟ್ಟಳು. ಪೇಟೆ ಬರುವವರೆಗೆ ಇಬ್ಬರೂ ಸೇರಿ ಟ್ರಾಮಿನವರನ್ನು ಒಂದು ಕಡೆಯಿಂದ ಬೈದರು.

ಸಂಜೆ ಅವನು ಬಂದು ಕೋಟು ಕಳಚುತ್ತಾ, "ನೀನು ಹತ್ತಿದ್ದು ಕನ್ನಡೀಲಿ ಕಂಡೆ," ಎಂದ. "ಯಾರ ಜೊತೆಯೋ ದಾರಿಯುದ್ದ ಮಾತಾಡ್ತಿದ್ದೆ. ಪರಿಚಯದವರಾ?"

"ಅಲ್ಲ. ಲೇಟು ಅಂತ ನಿಮ್ಮೋರಿಗೆ ಬೈತಿದ್ರು."

"ನೀನೇನಂದೆ?"

"ನಾನೂ ಬೈದೆ."

ಅವನು ಕೋಟನ್ನು ಗೂಟಕ್ಕೆ ಹಾಕಿ ನಕ್ಕ. ಕೈ ತೊಳೆಯಲು ಹೋದವನು ಅಲ್ಲಿಂದಲೇ, ಸಿಗ್ನಲ್ ಕೆಟ್ಟಿತ್ತು ಕಣೇ, ಅದಕ್ಕೆ ತಡ ಆಯ್ತು, ಎಂದು ಹೇಳುತ್ತಿದ್ದ. ನಲ್ಲಿಯ ಸದ್ದಿನಲ್ಲಿ ಅವಳಿಗೆ ಅರ್ಧವಷ್ಟೇ ಕೇಳಿಸಿತು.